ತೆರಿಗೆ ಇಳಿದ ತಿಂಗಳು, ಸರಕು ಏರಿತೇ? 2025ರ ದಸರಾ-ದೀಪಾವಳಿಯಲ್ಲಿ ಹುಬ್ಬಳ್ಳಿಯ ಸಿಮೆಂಟ್ ಪೇಟೆ: ಒಂದು ಪ್ರಕರಣ ಅಧ್ಯಯನ

ಸಾಲದ ಮಿತಿ ಏರಿಸಿ ಎಂದು ಪತ್ತಿನ ಸಂಘಕ್ಕೆ ಬರುವ ಅಂಗಡಿಕಾರ ಈಗ ಮೊದಲು ಮೇಜಿನ ಮೇಲಿಡುವುದು ಜಿಎಸ್‌ಟಿ ರಿಟರ್ನ್. 2025ರ ನವೆಂಬರ್ ಕೊನೆಯ ವಾರ ಹುಬ್ಬಳ್ಳಿಯ ಒಬ್ಬ ಸಿಮೆಂಟ್ ವ್ಯಾಪಾರಿಯ ರಿಟರ್ನ್ ಹೀಗಿದೆ ಎಂದಿಟ್ಟುಕೊಳ್ಳೋಣ: ಆಗಸ್ಟ್ ತಿಂಗಳ ತೆರಿಗೆ 11.20 ಲಕ್ಷ ರೂಪಾಯಿ, ಸೆಪ್ಟೆಂಬರ್ 7.92 ಲಕ್ಷ, ಅಕ್ಟೋಬರ್ 8.64 ಲಕ್ಷ. ನೋಡಿದವರು ಹೇಳುವ ಮೊದಲ ಮಾತು, ವ್ಯಾಪಾರ ಕಾಲುಭಾಗ ಬಿದ್ದಿದೆ. ಅಂಗಡಿಕಾರ ಹೇಳುವುದು ಇದಕ್ಕೆ ಉಲ್ಟಾ: ದಸರಾಕ್ಕೆ ಮಾಲು ಸಾಲಲಿಲ್ಲ, ಮಿತಿ ಏರಿಸಿ.

ಇಬ್ಬರಲ್ಲಿ ಯಾರ ಮಾತು ಸರಿ ಎಂಬುದೇ ಈ ಪ್ರಕರಣ. ಅಂಗಡಿ ಮತ್ತು ಅದರ ರೂಪಾಯಿ ಅಂಕಿಗಳು ಲೆಕ್ಕ ತೋರಿಸಲು ಕಟ್ಟಿಕೊಂಡವು. ದರ, ದಿನಾಂಕ, ನಿಯಮಗಳು ಆ ಹಂಗಾಮಿನಲ್ಲಿ ನಿಜವಾಗಿ ಇದ್ದವು. ಇದೇ ಗೊಂದಲ ದೇಶದ ಮಟ್ಟದಲ್ಲೂ ಕಂಡಿತು. ಅಕ್ಟೋಬರ್ ಮಾರಾಟದ ತೆರಿಗೆ ನವೆಂಬರ್‌ನಲ್ಲಿ ಜಮೆಯಾಗುತ್ತದೆ. ಆ ನವೆಂಬರ್‌ನ ಒಟ್ಟು ಜಿಎಸ್‌ಟಿ ಸುಮಾರು 1.70 ಲಕ್ಷ ಕೋಟಿ ರೂಪಾಯಿ, ಹಿಂದಿನ ವರ್ಷಕ್ಕಿಂತ ಶೇ 0.7ರಷ್ಟೇ ಹೆಚ್ಚು. ಆಮದು ಬಿಟ್ಟು ದೇಶದೊಳಗಿನ ವಹಿವಾಟಿನ ಪಾಲು ನೋಡಿದರೆ ಶೇ 2.3ರಷ್ಟು ಇಳಿಕೆ. ದೀಪಾವಳಿ ಇದ್ದ ತಿಂಗಳ ಲೆಕ್ಕ ಇದು.

ಒಂದು ರಿಟರ್ನ್, ಎರಡು ದರ

2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ 56ನೇ ಸಭೆ ದರ ಇಳಿಸುವ ತೀರ್ಮಾನ ಮಾಡಿತು. ಜಾರಿ ಸೆಪ್ಟೆಂಬರ್ 22ರಿಂದ. ಸಿಮೆಂಟ್ ಶೇ 28ರಿಂದ 18ಕ್ಕೆ, ರೈತರ ಟ್ರ್ಯಾಕ್ಟರ್ 12ರಿಂದ 5ಕ್ಕೆ, 350 ಸಿಸಿವರೆಗಿನ ಬೈಕು 28ರಿಂದ 18ಕ್ಕೆ ಇಳಿದವು. ಸಿಮೆಂಟಿನಲ್ಲಿ ಮೊದಲಿನಷ್ಟೇ ತೆರಿಗೆ ಬರಬೇಕಾದರೆ ಮಾರಾಟ ಶೇ 55ರ ಮೇಲೆ ಏರಬೇಕು. ಟ್ರ್ಯಾಕ್ಟರಿನಲ್ಲಿ 2.4 ಪಟ್ಟು ಆಗಬೇಕು. ಯಾವ ಹಬ್ಬವೂ ಅಷ್ಟು ಮಾರಿಸುವುದಿಲ್ಲ. ಹಾಗಾಗಿ ಆ ಮೂರು ತಿಂಗಳಿಗೆ ತೆರಿಗೆಯ ಮೊತ್ತವನ್ನು ಬದಿಗಿಟ್ಟು, ತೆರಿಗೆ ಸೇರಿಸುವ ಮುಂಚಿನ ಮಾರಾಟ ಮೌಲ್ಯವನ್ನು ಹಿಡಿಯಬೇಕು. ಲೆಕ್ಕಿಗರ ಬಾಯಲ್ಲಿ ಇದು ಟ್ಯಾಕ್ಸಬಲ್ ವ್ಯಾಲ್ಯೂ. ಜಿಎಸ್‌ಟಿಆರ್-3ಬಿ ನಮೂನೆಯ 3.1(ಎ) ಸಾಲಿನಲ್ಲಿ ಸಿಗುತ್ತದೆ. 3ಬಿ ಅಂದರೆ ತಿಂಗಳ ಒಟ್ಟು ಲೆಕ್ಕದ ರಿಟರ್ನ್.

ನಮ್ಮ ಅಂಗಡಿಯಲ್ಲಿ ಆ ಸಾಲು ಹೇಳುವುದು: ಆಗಸ್ಟ್ 40 ಲಕ್ಷ, ಸೆಪ್ಟೆಂಬರ್ 34 ಲಕ್ಷ, ಅಕ್ಟೋಬರ್ 48 ಲಕ್ಷ. ತೆರಿಗೆಯಲ್ಲಿ ಆಗಸ್ಟ್‌ಗಿಂತ ಶೇ 23 ಕಡಿಮೆ ಕಂಡ ಅಕ್ಟೋಬರ್, ಮಾರಾಟದಲ್ಲಿ ಶೇ 20 ಹೆಚ್ಚು. ಅಂಗಡಿಕಾರ ಗೆದ್ದಂತೆ ಕಾಣುತ್ತಾನೆ. ಇನ್ನೂ ಇಲ್ಲ.

ಸೆಪ್ಟೆಂಬರ್ ರಿಟರ್ನ್‌ನಲ್ಲಿ ಒಂದು ಅನುಕೂಲ ಅಡಗಿದೆ, ಬಹಳ ಜನ ಅದನ್ನು ಬಳಸುವುದಿಲ್ಲ. ಗಿರಾಕಿಗೆ ಚಿಲ್ಲರೆಯಾಗಿ ಮಾರಿದ ಮಾಲಿಗೆ ರಿಟರ್ನ್‌ನಲ್ಲಿ ಬಿಲ್ಲಿನ ದಿನಾಂಕ ಇರುವುದಿಲ್ಲ, ತಿಂಗಳ ಮೊತ್ತ ಅಷ್ಟೇ. ಆದರೆ ಆ ಒಂದು ತಿಂಗಳು ದರವೇ ದಿನಾಂಕದ ಮೊಹರು: ಶೇ 28ರಲ್ಲಿ ಹೋದದ್ದು 21ರೊಳಗಿನದು, ಶೇ 18ರಲ್ಲಿ ಹೋದದ್ದು 22ರ ನಂತರದ್ದು. ಬರೀ ಸಿಮೆಂಟ್ ಮಾರುವ ಅಂಗಡಿಯಾದರೆ 3ಬಿ ಒಂದೇ ಸಾಕು. 7.92ನ್ನು 34ರಿಂದ ಭಾಗಿಸಿದರೆ ಸರಾಸರಿ ದರ ಶೇ 23.29. ಅದರಲ್ಲಿ 18 ಕಳೆದು 10ರಿಂದ ಭಾಗಿಸಿದರೆ 0.529, ಅಂದರೆ 34 ಲಕ್ಷದಲ್ಲಿ 18 ಲಕ್ಷ ಹಳೇ ದರದ್ದು, 16 ಲಕ್ಷ ಹೊಸ ದರದ್ದು. ಸಿಮೆಂಟಿನ ಜತೆ ಕಬ್ಬಿಣ, ಬಣ್ಣ ಮಾರುವ ಅಂಗಡಿಗೆ ಈ ಉಪಾಯ ನಡೆಯದು. ಅವು 22ಕ್ಕೆ ಮುಂಚೆಯೂ ಶೇ 18ರಲ್ಲೇ ಇದ್ದವು, ಹೊಸ ದರದ ಸಾಲಿಗೆ ಬಂದು ಬೆರೆಯುತ್ತವೆ. ಅಲ್ಲಿ ಜಿಎಸ್‌ಟಿಆರ್-1ರ 12ನೇ ಕೋಷ್ಟಕಕ್ಕೆ ಹೋಗಬೇಕು, ಅದು ಮಾರಾಟದ ವಿವರ ಇರುವ ರಿಟರ್ನ್. ಸಿಮೆಂಟಿನ ಸರಕು ಸಂಕೇತ, ಅಂದರೆ ಎಚ್‌ಎಸ್‌ಎನ್ 2523ರ ಎದುರು ದರವಾರು ಮೌಲ್ಯ ಬೇರೆ ಬೇರೆ ಇರುತ್ತದೆ, ಪ್ರಮಾಣವೂ ಇರುತ್ತದೆ. ಪ್ರಮಾಣವನ್ನು ಮಾತ್ರ ಕಣ್ಣುಮುಚ್ಚಿ ಕೂಡಿಸಬಾರದು. ಒಬ್ಬರು ಚೀಲದ ಲೆಕ್ಕ ಬರೆಯುತ್ತಾರೆ, ಇನ್ನೊಬ್ಬರು ಟನ್. 50 ಕಿಲೋದ 20 ಚೀಲಕ್ಕೆ ಒಂದು ಟನ್ ಎಂದು ಮೊದಲು ಒಂದೇ ಅಳತೆಗೆ ತರಬೇಕು. ಚೀಲದ ಸಂಖ್ಯೆಯನ್ನು ಟನ್ ಎಂದು ಬರೆದ ರಿಟರ್ನ್ ಒಂದೇ ಇದ್ದರೂ ಇಡೀ ಪಟ್ಟಿಯ ಸರಾಸರಿ ಕೆಡುತ್ತದೆ. ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿ ಚೀಲದ ದರ ತೆಗೆದು ನೋಡಿದರೆ ಇಂಥದ್ದು ತಕ್ಷಣ ಸಿಕ್ಕಿಬೀಳುತ್ತದೆ.

ಈಗ ದಿನದ ಲೆಕ್ಕ. ಆಗಸ್ಟ್‌ನಲ್ಲಿ ದಿನಕ್ಕೆ 1.29 ಲಕ್ಷ. ಸೆಪ್ಟೆಂಬರ್ 1ರಿಂದ 21ರವರೆಗೆ ದಿನಕ್ಕೆ 86 ಸಾವಿರ. 22ರಿಂದ 30ರವರೆಗೆ 1.78 ಲಕ್ಷ. ಅಕ್ಟೋಬರ್‌ನಲ್ಲಿ 1.55 ಲಕ್ಷ. ಮೊದಲ 21 ದಿನ ಆಗಸ್ಟ್‌ನ ಗತಿಯಲ್ಲೇ ನಡೆದಿದ್ದರೆ 27 ಲಕ್ಷ ಆಗಬೇಕಿತ್ತು, ಆದದ್ದು 18. ಆ 9 ಲಕ್ಷ ಎಲ್ಲೂ ಹೋಗಲಿಲ್ಲ, "ಇಪ್ಪತ್ತೆರಡಕ್ಕ ರೇಟ್ ಇಳೀತೈತಿ ಅಂತಲ್ರೀ, ಆಮ್ಯಾಲ ಒಯ್ತೇವಿ" ಎಂದು ಮುಂದಕ್ಕೆ ಸರಿಯಿತು. ಎರಡೂ ತಿಂಗಳು ಕೂಡಿಸಿದರೆ 61 ದಿನಕ್ಕೆ 82 ಲಕ್ಷ, ದಿನಕ್ಕೆ 1.34 ಲಕ್ಷ. ಆಗಸ್ಟ್‌ಗಿಂತ ಏರಿದ್ದು ಶೇ 4. ಅಕ್ಟೋಬರ್ ಒಂದನ್ನೇ ಹಿಡಿದು ಶೇ 20 ಎಂದವರು ತಪ್ಪಿದ್ದು ಇಲ್ಲಿ.

ಅದೂ ಆಗಸ್ಟ್ ಮಳೆಗಾಲ. ಸ್ಲ್ಯಾಬ್ ಹಾಕುವವರು ಕಡಿಮೆ. ಹಿಂದಿನ ವರ್ಷದ ಇದೇ ಎರಡು ತಿಂಗಳಿಗೆ ಹೋಲಿಸುವುದು ಮೇಲು. ಈ ಅಂಗಡಿಯಲ್ಲಿ 2024ರ ಸೆಪ್ಟೆಂಬರ್ 37 ಲಕ್ಷ, ಅಕ್ಟೋಬರ್ 41 ಲಕ್ಷ, ಒಟ್ಟು 78 ಲಕ್ಷ. ಆಗ ಬೆಳವಣಿಗೆ ಶೇ 5. ಇದೇ ಎರಡು ತಿಂಗಳ ತೆರಿಗೆ ಮಾತ್ರ 21.84 ಲಕ್ಷದಿಂದ 16.56 ಲಕ್ಷಕ್ಕೆ, ಶೇ 24ರಷ್ಟು ಇಳಿದಿದೆ.

ನಗದು ಕಟ್ಟಿದ್ದನ್ನು ನೋಡಿದರೆ ಇನ್ನೂ ಮೋಸ

ಕೆಲವರು 3ಬಿಯ 6.1ನೇ ಕೋಷ್ಟಕದಲ್ಲಿ ನಗದಾಗಿ ಕಟ್ಟಿದ್ದನ್ನು ನೋಡುತ್ತಾರೆ. ರೊಕ್ಕ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ. ಸಿಮೆಂಟಿನಲ್ಲಿ ಲಾಭದ ಅಂಚು ಸಣ್ಣದು. ಖರೀದಿಯಲ್ಲಿ ಆಗಲೇ ಕೊಟ್ಟ ತೆರಿಗೆ ಕ್ರೆಡಿಟ್ ಆಗಿ ವಜಾ ಆಗುತ್ತದೆ. ಆಗಸ್ಟ್‌ನಲ್ಲಿ 40 ಲಕ್ಷದ ಮಾರಾಟಕ್ಕೆ 38 ಲಕ್ಷದ ಖರೀದಿ ಇದ್ದರೆ, 11.20 ಲಕ್ಷದ ತೆರಿಗೆಯಲ್ಲಿ 10.64 ಲಕ್ಷ ಖರೀದಿಯ ಕ್ರೆಡಿಟ್‌ನಿಂದ ತೀರಿ, ನಗದು ಹೋಗುವುದು 56 ಸಾವಿರ.

21ರ ರಾತ್ರಿ ಗೋದಾಮಿನಲ್ಲಿ 10 ಲಕ್ಷದ ಹಳೇ ಮಾಲು ಉಳಿದಿತ್ತು ಎಂದುಕೊಳ್ಳಿ. ಅದರ ಮೇಲಿನ ಕ್ರೆಡಿಟ್ ಶೇ 28ರಂತೆ 2.80 ಲಕ್ಷ. ಮಾರಿದ್ದು ಹತ್ತೂವರೆ ಲಕ್ಷಕ್ಕೆ, ಶೇ 18ರಂತೆ ತೆರಿಗೆ 1.89 ಲಕ್ಷ. ಉಳಿದ 91 ಸಾವಿರ ಕ್ರೆಡಿಟ್ ಲೆಡ್ಜರ್‌ನಲ್ಲಿ ಕೂತಿತು. ದರ ಇಳಿದದ್ದರಿಂದ ಹೀಗೆ ಉಳಿದದ್ದಕ್ಕೆ ರೀಫಂಡ್ ಇಲ್ಲ, ಮುಂದಿನ ತೆರಿಗೆಗೆ ವಜಾ ಮಾಡಿಕೊಳ್ಳಬೇಕು. ಸೆಪ್ಟೆಂಬರ್‌ನ ಬಾಕಿ ಅದರಲ್ಲೇ ತೀರಿಸಿದರೂ ಅಕ್ಟೋಬರ್‌ನಲ್ಲಿ ಅದೇ ಅಂಚಿನಂತೆ ಕಟ್ಟಬೇಕಾದ ಸುಮಾರು 43 ಸಾವಿರಕ್ಕೆ ಅದು ಸಾಲುತ್ತದೆ. ಫಲ: ಮೂರು ತಿಂಗಳಲ್ಲೇ ಹೆಚ್ಚು ಮಾರಿದ ಅಕ್ಟೋಬರ್‌ನಲ್ಲಿ ನಗದು ತೆರಿಗೆ ಸೊನ್ನೆ. ಕಾರಿನ ವ್ಯಾಪಾರಿಗಳ ಪಾಡು ಬೇರೆ. ಜಿಎಸ್‌ಟಿ ಮೇಲೆ ಹೆಚ್ಚುವರಿಯಾಗಿ ಇದ್ದ ಪರಿಹಾರ ಸೆಸ್‌ನ ಕ್ರೆಡಿಟ್ ಅವರ ಖಾತೆಯಲ್ಲಿತ್ತು, ಸೆಸ್ಸೇ ಹೋದ ಮೇಲೆ ಅದು ಯಾವುದಕ್ಕೂ ಬಾರದಾಯಿತು.

ಕ್ರೆಡಿಟ್ ನೋಟ್ ಇನ್ನೊಂದು ತೊಡಕು. ದರ ಇಳಿದಾಗ, ಬೆಲೆ ಹೊಂದಿಸಿದಾಗ ಕಂಪನಿಗಳು ವ್ಯಾಪಾರಿಗೆ ವ್ಯತ್ಯಾಸದ ಕ್ರೆಡಿಟ್ ನೋಟ್ ಕೊಡುವುದುಂಟು. ಜಿಎಸ್‌ಟಿ ಸೇರಿಸಿ ಕೊಟ್ಟರೆ ಅದು ಕೊಟ್ಟವರ ಆ ತಿಂಗಳ ಮಾರಾಟ ಮೌಲ್ಯದಲ್ಲಿ ಕಳೆಯುತ್ತದೆ, ಜುಲೈನ ಮಾಲಿನದಾದರೂ. ಜಿಎಸ್‌ಟಿ ಇಲ್ಲದ ಬರೀ ವಾಣಿಜ್ಯ ಕ್ರೆಡಿಟ್ ನೋಟ್ ಆದರೆ ರಿಟರ್ನ್‌ನಲ್ಲಿ ಕಾಣುವುದೇ ಇಲ್ಲ. ಸಗಟು ವ್ಯಾಪಾರಿಯ ಅಂಕಿ ಓದುವಾಗ ಕ್ರೆಡಿಟ್ ನೋಟ್‌ಗಳು ಬರುವ ಜಿಎಸ್‌ಟಿಆರ್-1ರ 9ಬಿ ಕೋಷ್ಟಕವನ್ನು ಬೇರೆ ತೆಗೆದಿಟ್ಟು ನೋಡಬೇಕು.

ಪಕ್ಷ, ಮಹಾನವಮಿ, ಪಾಡ್ಯ

ಸೆಪ್ಟೆಂಬರ್‌ನ ಮೊದಲ 21 ದಿನ ಬಿದ್ದದ್ದಕ್ಕೆ ದರ ಇಳಿಕೆಯ ಕಾಯುವಿಕೆ ಒಂದೇ ಕಾರಣವೇ? ಪಂಚಾಂಗ ತೆಗೆದರೆ ಅನುಮಾನ ಬರುತ್ತದೆ. 2025ರಲ್ಲಿ ಪಿತೃಪಕ್ಷ ಸೆಪ್ಟೆಂಬರ್ 8ರಿಂದ ಅಮಾವಾಸ್ಯೆಯ 21ರವರೆಗೆ. ಹೊಸ ದರ ಬಂದ 22ರಂದೇ ಘಟಸ್ಥಾಪನೆ. ಪಕ್ಷದಲ್ಲಿ ನಮ್ಮ ಕಡೆ ಮನೆ ಕೆಲಸ ಶುರು ಮಾಡುವುದಿಲ್ಲ, ಗಾಡಿ ತರುವುದಿಲ್ಲ, ಬಂಗಾರ ಕೊಳ್ಳುವುದಿಲ್ಲ. ಎರಡು ಕಾರಣ ಒಂದರ ಮೇಲೊಂದು ಕೂತುಬಿಟ್ಟಿವೆ. 2024ರಲ್ಲಿ ಪಕ್ಷ ಸೆಪ್ಟೆಂಬರ್ 18ರಿಂದ ಅಕ್ಟೋಬರ್ 2ರವರೆಗೆ ಇತ್ತು, ವಿಜಯದಶಮಿ ಅಕ್ಟೋಬರ್ 12, ಬಲಿಪಾಡ್ಯಮಿ ನವೆಂಬರ್ 2. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2, ಪಾಡ್ಯ ಅಕ್ಟೋಬರ್ 22. ತಿಂಗಳಿಗೆ ತಿಂಗಳು ಹೋಲಿಸಿದರೆ ಒಂದು ವರ್ಷದ ಪಕ್ಷವನ್ನು ಇನ್ನೊಂದು ವರ್ಷದ ನವರಾತ್ರಿಗೆ ಹೋಲಿಸಿದಂತೆ.

ಇದಕ್ಕೆ ಮಾಡುವುದು ಪಕ್ಷದ ಪಾಡ್ಯದಿಂದ ಬಲಿಪಾಡ್ಯಮಿವರೆಗೆ ಒಂದು ಕಿಟಕಿ ಕಟ್ಟಿಕೊಳ್ಳುವುದು. 2024ರಲ್ಲಿ ಅದು 46 ದಿನ, 2025ರಲ್ಲಿ 45 ದಿನ. ದಿನದ ಸರಾಸರಿ ತೆಗೆದರೆ ಹೋಲಿಕೆ ನ್ಯಾಯವಾಗುತ್ತದೆ. ಕಿಟಕಿಯೊಳಗೆ ಪಕ್ಷದ ದಿನಗಳನ್ನು ಪಕ್ಷಕ್ಕೇ, ನವರಾತ್ರಿಯನ್ನು ನವರಾತ್ರಿಗೇ ಜೋಡಿಸಬೇಕು. 2024ರ ಪಕ್ಷಕ್ಕಿಂತ 2025ರ ಪಕ್ಷ ಎಷ್ಟು ಹೆಚ್ಚು ಬಿತ್ತೋ ಅಷ್ಟು ಮಾತ್ರ ದರದ ಕಾಯುವಿಕೆ. ಇದಕ್ಕೆ ದಿನಾಂಕವಾರು ಬಿಲ್ಲು ಬೇಕು: ನೋಂದಾಯಿತ ವ್ಯಾಪಾರಿಗಳಿಗೆ ಮಾರಿದ ಬಿಲ್ಲುಗಳು ಜಿಎಸ್‌ಟಿಆರ್-1ರಲ್ಲಿ ದಿನಾಂಕ ಸಮೇತ ಇರುತ್ತವೆ, ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ ಪೋರ್ಟಲ್‌ನಲ್ಲಿ ದಾಖಲಾಗುವ ಇ-ಇನ್‌ವಾಯ್ಸ್ ಇದೆ. ಚಿಲ್ಲರೆ ಮಾರಾಟಕ್ಕೆ ಅಂಗಡಿಯ ಟ್ಯಾಲಿ ಪುಸ್ತಕವೇ ಗತಿ.

ಒಂದು ಅಂಗಡಿಯಿಂದ ಪೇಟೆಗೆ

ಒಬ್ಬನ ಲೆಕ್ಕ ಒಬ್ಬನದೇ. ಪಕ್ಕದ ಅಂಗಡಿ ಮುಚ್ಚಿದ್ದರಿಂದಲೂ ಇವನ ಮಾರಾಟ ಏರಿರಬಹುದು. ಇಲಾಖೆಯಿಂದ ಬೇರೆಯವರ ರಿಟರ್ನ್ ಕೇಳುವಂತಿಲ್ಲ. ಜಿಎಸ್‌ಟಿ ಕಾಯ್ದೆಯ 158ನೇ ಕಲಂ ಅದನ್ನು ಗೋಪ್ಯವಾಗಿಟ್ಟಿದೆ. ಸಾಲಗಾರರು ತಾವೇ ಪೋರ್ಟಲ್‌ನಿಂದ ಇಳಿಸಿ, ಒಪ್ಪಿ ಕೊಟ್ಟ ರಿಟರ್ನ್‌ಗಳಷ್ಟೇ ಕೈಗೆ ಸಿಗುವಂಥವು. ಇಪ್ಪತ್ತು-ಮೂವತ್ತು ಅಂಗಡಿ ಇದ್ದರೆ ಕೆಲಸ ನಡೆಯುತ್ತದೆ. ಎರಡೂ ವರ್ಷ ಅದೇ ಅಂಗಡಿಗಳಿರಬೇಕು, ನಡುವೆ ಹೊಸಬರನ್ನು ಸೇರಿಸಬಾರದು, ಮುಚ್ಚಿದವರನ್ನು ಕೈಬಿಡದೆ ಸೊನ್ನೆ ಎಂದೇ ಬರೆಯಬೇಕು. ಮುಚ್ಚಿದವರನ್ನು ಬಿಟ್ಟರೆ ಪೇಟೆ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಒಟ್ಟು ಮೊತ್ತದ ಜತೆ ಬೆಳವಣಿಗೆಯ ಕ್ರಮದಲ್ಲಿ ಸಾಲಾಗಿಟ್ಟಾಗ ನಟ್ಟನಡುವೆ ಬರುವ ಅಂಗಡಿಯ ಬೆಳವಣಿಗೆಯನ್ನೂ ತೆಗೆಯಬೇಕು. ದೊಡ್ಡ ಗುತ್ತಿಗೆ ಸಿಕ್ಕ ಒಬ್ಬನೇ ಮೊತ್ತವನ್ನು ಎಳೆದುಬಿಡುತ್ತಾನೆ. ಧಾರವಾಡದ ಕಡೆಯ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ವಾಹನ ಕಾರ್ಖಾನೆಯ ರವಾನೆ ಇಡೀ ಜಿಲ್ಲೆಯ ಅಂಕಿಯನ್ನು ಅಲುಗಿಸುವುದು ಹೀಗೆಯೇ.

ಸಣ್ಣವರ ವಿಷಯದಲ್ಲಿ ಎಚ್ಚರ ಬೇಕು. 5 ಕೋಟಿವರೆಗಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಕೊಡುವ ಯೋಜನೆಯಲ್ಲಿರಬಹುದು. ನಡುವಿನ ಎರಡು ತಿಂಗಳು ಅವರು ಪಿಎಂಟಿ-06 ಚಲನ್‌ನಲ್ಲಿ ಕಟ್ಟುವುದು, ಹೆಚ್ಚಿನವರ ಮಟ್ಟಿಗೆ, ಹಿಂದಿನ ತ್ರೈಮಾಸಿಕದಲ್ಲಿ ನಗದು ಕಟ್ಟಿದ್ದರ ಶೇ 35. ಅಂದರೆ ಅಕ್ಟೋಬರ್‌ಗೆಂದು ನವೆಂಬರ್ 25ರೊಳಗೆ ಕಟ್ಟಿದ ಚಲನ್ ಜುಲೈ-ಸೆಪ್ಟೆಂಬರ್‌ನ ನೆರಳು. ದೀಪಾವಳಿ ವ್ಯಾಪಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದನ್ನು ಪಟ್ಟಿಗೆ ಸೇರಿಸಿದರೆ ಏರಿಳಿತ ಮಟ್ಟಸವಾಗಿ ಕಾಣುತ್ತದೆ, ಸುಳ್ಳಾಗಿ. ತಡವಾಗಿ ಸಲ್ಲಿಸುವವರದು ಇನ್ನೊಂದು ಕಾಟ. ಸೆಪ್ಟೆಂಬರ್‌ನ 3ಬಿಗೆ ಕೊನೆಯ ದಿನ ಅಕ್ಟೋಬರ್ 20, ಅಂದೇ ಲಕ್ಷ್ಮೀಪೂಜೆಯ ಗಡಿಬಿಡಿ. ಗಡುವನ್ನು 25ಕ್ಕೆ ಮುಂದೂಡಲಾಯಿತು. 21ರಂದು ಲೆಕ್ಕ ಹಾಕಿದವರಿಗೆ ಪೇಟೆ ಕುಸಿದಂತೆ ಕಂಡಿರುತ್ತದೆ, ಬಂದಿರದಿದ್ದದ್ದು ರಿಟರ್ನ್ ಅಷ್ಟೇ. ಮುಚ್ಚಿದವರನ್ನು ಸೊನ್ನೆಯಾಗಿಯೇ ಉಳಿಸಿಕೊಂಡು, ನಡೆಯುತ್ತಿರುವ ಅಂಗಡಿಗಳಲ್ಲಿ ಎರಡೂ ವರ್ಷ ಸಲ್ಲಿಸಿದವರನ್ನು ಮಾತ್ರ ಹೋಲಿಸುವುದು ಇದಕ್ಕೆ ಪರಿಹಾರ.

ಬೆಂಗಳೂರಿನಲ್ಲಿ ನೋಂದಣಿ ಇರುವ ಸರಣಿ ಮಳಿಗೆಗಳು ಈ ಪಟ್ಟಿಗೆ ಸಿಗುವುದೇ ಇಲ್ಲ. ಸಾಮಾನ್ಯವಾಗಿ ಒಂದು ರಾಜ್ಯಕ್ಕೆ ಒಂದು ನೋಂದಣಿ. ಗೋಕುಲ ರಸ್ತೆಯ ಶಾಖೆ ಹೆಚ್ಚುವರಿ ವ್ಯಾಪಾರ ಸ್ಥಳ ಎಂದು ದಾಖಲಾಗಿರುತ್ತದೆ, ರಿಟರ್ನ್ ಮಾತ್ರ ಒಟ್ಟಾಗಿ ಹೋಗುತ್ತದೆ.

ಸರಕು ಸಾಗಿಸಲು ಪೋರ್ಟಲ್‌ನಲ್ಲಿ ತೆಗೆಯುವ ಇ-ವೇ ಬಿಲ್ ಈ ಕೊರತೆಯನ್ನು ತುಸು ತುಂಬುತ್ತದೆ, ಅದರಲ್ಲಿ ಹೊರಡುವ-ತಲುಪುವ ಊರಿನ ಪಿನ್‌ಕೋಡ್ ಇರುತ್ತದೆ. ಆದರೆ ಅದು ಹೇಳುವ ಕತೆ ಬೇರೆ. 50 ಸಾವಿರ ದಾಟಿದ ಸರಕಿಗೆ ಮಾತ್ರ ಅದು ಬೇಕು. ಕೇಶ್ವಾಪುರದ ಮನೆ ಕೆಲಸಕ್ಕೆ ಹೋಗುವ ಇಪ್ಪತ್ತು ಚೀಲಕ್ಕೆ ಇ-ವೇ ಬಿಲ್ ಇಲ್ಲ. ಕಂಪನಿಯ ಡಿಪೋದಿಂದ ವ್ಯಾಪಾರಿಯ ಗೋದಾಮಿಗೆ ಬರುವ ಲಾರಿಗೆ ಇದೆ. ಆದ್ದರಿಂದ ಅದು ತೋರಿಸುವುದು ಗಿರಾಕಿಯ ಖರೀದಿಯನ್ನಲ್ಲ, ವ್ಯಾಪಾರಿಯ ದಾಸ್ತಾನನ್ನು. ದರ ಇಳಿಯುವ ಸುದ್ದಿ ಬಂದೊಡನೆ ವ್ಯಾಪಾರಿ ಮಾಲು ಎತ್ತುವುದು ನಿಲ್ಲಿಸುತ್ತಾನೆ, 22ರ ಮೇಲೆ ಗೋದಾಮು ತುಂಬಿಸುತ್ತಾನೆ. ಗಿರಾಕಿ ಇಳಿದದ್ದಕ್ಕಿಂತ ಇದು ಹೆಚ್ಚು ಇಳಿಯುತ್ತದೆ, ಏರಿದ್ದಕ್ಕಿಂತ ಹೆಚ್ಚು ಏರುತ್ತದೆ. ಬಿಲ್ಲುಗಳ ಸಂಖ್ಯೆ ಎಣಿಸುವುದೂ ಅಪಾಯ. ರೈಲಿನ ಒಂದು ರೇಕ್‌ನಲ್ಲಿ ಬರುವ ಎರಡೂವರೆ ಸಾವಿರ ಟನ್ ಸಿಮೆಂಟಿಗೆ ಬೆರಳೆಣಿಕೆಯ ಬಿಲ್ಲು ಸಾಕು. ಅಷ್ಟೇ ಮಾಲು 25 ಟನ್ ಲಾರಿಗಳಲ್ಲಿ ಬಂದರೆ ನೂರು ಬಿಲ್ಲು. ಮೌಲ್ಯ ಹಿಡಿಯಬೇಕು, ಸಂಖ್ಯೆಯನ್ನಲ್ಲ.

ಎರಡು ಹೊರಗಿನ ತಾಳೆ

ದರದ ಗೊಡವೆ ಇಲ್ಲದ ಎಣಿಕೆಗಳು ಎರಡು ಇವೆ. ಮೊದಲನೆಯದು ವಾಹನ ನೋಂದಣಿ, ಅದರ ಸರ್ಕಾರಿ ತಾಣವೇ ವಾಹನ್. ವಾಹನ್ ಪೋರ್ಟಲ್‌ನಲ್ಲಿ ಆರ್‌ಟಿಒವಾರು ನೋಂದಣಿ ಸಂಖ್ಯೆ ಎಲ್ಲರಿಗೂ ಸಿಗುತ್ತದೆ: ಕೆಎ-63 ಹುಬ್ಬಳ್ಳಿ, ಕೆಎ-25 ಧಾರವಾಡ, ಕೆಎ-26 ಗದಗ, ಕೆಎ-27 ಹಾವೇರಿ. ಹುಬ್ಬಳ್ಳಿಯಲ್ಲಿ ಬಿಲ್ಲಾದ ಟ್ರ್ಯಾಕ್ಟರ್ ಗದಗಿನವರದಾದರೆ ಕೆಎ-26ರಲ್ಲಿ ಸೇರುತ್ತದೆ. ಆದ್ದರಿಂದ ನಾಲ್ಕನ್ನೂ ಕೂಡಿಸಿಯೇ ಹುಬ್ಬಳ್ಳಿಯ ಷೋರೂಮುಗಳಿಗೆ ತಾಳೆ ಹಾಕಬೇಕು.

ಎರಡನೆಯದು ಆಸ್ತಿ ನೋಂದಣಿ, ಅದರಲ್ಲೂ ಅದೇ ಹೊತ್ತಿನ ಒಂದು ಬಲೆ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿತು. ಶುಲ್ಕದ ರೂಪಾಯಿ ನೋಡಿದರೆ ಪತ್ರಗಳು ಅರ್ಧಕ್ಕಿಳಿದರೂ ಆದಾಯ ಮೊದಲಿನಷ್ಟೇ ಕಾಣುತ್ತದೆ. ಕ್ರಯಪತ್ರಗಳ ಸಂಖ್ಯೆ ಎಣಿಸಿ, ಆಗಸ್ಟ್ ಕೊನೆಯ ವಾರವನ್ನು ಸೆಪ್ಟೆಂಬರ್ ಜತೆ ಕೂಡಿಸಿ ನೋಡಿ.

ದರ ಬದಲಾಗದ ಸರಕು: ಹತ್ತಿ ಮತ್ತು ಮೆಣಸಿನಕಾಯಿ

ಸಿಮೆಂಟಿನ ಶೇ 5ನ್ನು ನಂಬಬೇಕಾದರೆ ಹಳ್ಳಿಯ ಕೈಯಲ್ಲಿ ರೊಕ್ಕ ಓಡಾಡುತ್ತಿದೆಯೇ ಎಂಬುದೂ ಗೊತ್ತಿರಬೇಕು. ಹತ್ತಿ, ಒಣಮೆಣಸಿನಕಾಯಿ ಎರಡಕ್ಕೂ ಶೇ 5ರ ದರ ಸೆಪ್ಟೆಂಬರ್‌ನಲ್ಲಿ ಬದಲಾಗಲಿಲ್ಲ, ಹಾಗಾಗಿ ಅಲ್ಲಿ ತೆರಿಗೆಯೂ ಮೌಲ್ಯವೂ ಜತೆಯಾಗಿ ಓಡುತ್ತವೆ.

ಹತ್ತಿಯಲ್ಲಿ ಒಂದು ಸೊಗಸಿದೆ. 2017ರ ನವೆಂಬರ್ 15ರಿಂದ ರೈತನಿಂದ ಕಚ್ಚಾ ಹತ್ತಿ ಕೊಂಡ ನೋಂದಾಯಿತ ಖರೀದಿದಾರನೇ ಹಿಮ್ಮುಖ ತೆರಿಗೆ ಕಟ್ಟಬೇಕು, ಅದೂ ನಗದಾಗಿ, ಕ್ರೆಡಿಟ್ ಬಳಸುವಂತಿಲ್ಲ. 3ಬಿಯ 3.1(ಡಿ) ಸಾಲು ಅದು. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನ ಆ ಸಾಲನ್ನು ಬಿಡಿಸಿದರೆ ರೈತನಿಗೆ ಆ ತಿಂಗಳು ಹೋದ ಹತ್ತಿಯ ಬೆಲೆ ಹತ್ತಿರಹತ್ತಿರ ಸಿಗುತ್ತದೆ. ತಪ್ಪುವುದು ಎಲ್ಲಿ ಎಂದರೆ, ಪೇಟೆ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿದು ಭಾರತೀಯ ಹತ್ತಿ ನಿಗಮ ಖರೀದಿಗೆ ಇಳಿದಾಗ. ಆಗ ಖರೀದಿ ನಿಗಮದ ಲೆಕ್ಕಕ್ಕೆ ಹೋಗುತ್ತದೆ, ಮಿಲ್ಲು ಅದರ ಹತ್ತಿಯನ್ನು ಕೂಲಿಗೆ ಜಿನ್ ಮಾಡಿಕೊಡುತ್ತದೆ. ಯಂತ್ರ ಹಗಲುರಾತ್ರಿ ಓಡುತ್ತಿರುತ್ತದೆ, ಮಿಲ್ಲಿನ ರಿಟರ್ನ್‌ನಲ್ಲಿ ಕೂಲಿ ಬಿಟ್ಟರೆ ಏನೂ ಇರುವುದಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಈ ಕಿಟಕಿಗೆ ಬರುವುದಿಲ್ಲ, ಅದರ ಭರಾಟೆ ಜನವರಿಯಿಂದ ಮಾರ್ಚ್. ಅಕ್ಟೋಬರ್‌ನಲ್ಲಿ 581106 ಪಿನ್‌ಕೋಡಿನಿಂದ ಹೊರಟ ಲಾರಿಗಳಲ್ಲಿ ಹೆಚ್ಚಿನದು ಶೀತಗೃಹದಲ್ಲಿದ್ದ ಹಿಂದಿನ ಸುಗ್ಗಿಯ ಮಾಲು. ಅದರ ರೊಕ್ಕ ರೈತನ ಕೈ ಸೇರಿ ತಿಂಗಳುಗಳಾಗಿರುತ್ತವೆ. ಜತೆಗೆ 5 ಕೋಟಿವರೆಗಿನವರು ನಾಲ್ಕಂಕಿಯ ಎಚ್‌ಎಸ್‌ಎನ್ ಬರೆದರೆ ಸಾಕು, 0904ರಲ್ಲಿ ಒಣಮೆಣಸಿನಕಾಯಿಯೂ ಕಾಳುಮೆಣಸೂ ಒಂದೇ. ಗದಗಿನ ಉಳ್ಳಾಗಡ್ಡಿ, ಪೊಟ್ಟಣ ಕಟ್ಟದ ಜೋಳಕ್ಕಂತೂ ತೆರಿಗೆಯಿಲ್ಲ, ಇ-ವೇ ಬಿಲ್ಲೂ ಬೇಕಿಲ್ಲ. ಅವಕ್ಕೆ ರಾಜ್ಯದ ಎಪಿಎಂಸಿ ಧಾರಣೆ ತಾಣವಾದ ಕೃಷಿ ಮಾರಾಟ ವಾಹಿನಿಯ ದಿನದ ಆವಕ, ಧಾರಣೆಗಳೇ ಆಧಾರ.

ಮಿತಿ ಏರಿಸಬೇಕೇ?

ಮತ್ತೆ ಅಂಗಡಿಗೆ. ಎರಡು ತಿಂಗಳ ಮಾರಾಟ 78ರಿಂದ 82 ಲಕ್ಷ. ವ್ಯಾಪಾರ ಬಿದ್ದಿಲ್ಲ, ಅಂಗಡಿಕಾರ ಹೇಳುವಷ್ಟು ಏರಿಯೂ ಇಲ್ಲ. ದುಡಿಯುವ ಬಂಡವಾಳದ ಮಾತು ಬಂದಾಗ ಮಾತ್ರ ತೆರಿಗೆಯನ್ನು ತಿರುಗಿ ಸೇರಿಸಬೇಕು, ಯಾಕೆಂದರೆ ಕಂಪನಿಗೆ ಕಟ್ಟುವುದೂ ಗಿರಾಕಿಗೆ ಉದ್ರಿ ಬಿಡುವುದೂ ತೆರಿಗೆ ಸಮೇತ. ಹಳೇ ದರದಲ್ಲಿ 78 ಲಕ್ಷದ ಬಿಲ್ ಮೊತ್ತ 99.84 ಲಕ್ಷ. ಹೊಸ ದರದಲ್ಲಿ 82 ಲಕ್ಷದ್ದು 96.76 ಲಕ್ಷ. ಹೆಚ್ಚು ಚೀಲ ಮಾರಿಯೂ ತೊಡಗಿಸಬೇಕಾದ ಹಣ ಶೇ 3 ಕಡಿಮೆ. ಇದ್ದ ಮಿತಿಯಲ್ಲೇ ಶೇ 8ರಷ್ಟು ಹೆಚ್ಚು ಚೀಲ ಕೊಳ್ಳಬಹುದು. ಅಷ್ಟಾಗಿಯೂ ಮಾಲಿಗೆ ಹಣ ಸಾಲಲಿಲ್ಲ ಎಂದಾದರೆ ಹಣ ಉದ್ರಿಯಲ್ಲಿ ಸಿಕ್ಕಿಕೊಂಡಿದೆ. ರಿಟರ್ನ್ ಬಿಲ್ಲಾದ ದಿನ ಹೇಳುತ್ತದೆ, ರೊಕ್ಕ ಬಂದ ದಿನ ಹೇಳುವುದಿಲ್ಲ. ಗುತ್ತಿಗೆದಾರರ ಬಾಕಿ ಪಟ್ಟಿಯನ್ನು 30, 60, 90 ದಿನಗಳಂತೆ ವಿಂಗಡಿಸಿ ಕೇಳಬೇಕು.

ಆದ್ದರಿಂದ ಮಿತಿ ಇದ್ದಲ್ಲೇ ಇರಲಿ. ತ್ರೈಮಾಸಿಕದವರ ಅಕ್ಟೋಬರ್-ಡಿಸೆಂಬರ್ ರಿಟರ್ನ್‌ಗೆ ಜನವರಿ 22 ಗಡುವು. ಅವು ಬಂದ ಮೇಲೆ ಪಟ್ಟಿಯ ಎಲ್ಲ ಅಂಗಡಿಗಳನ್ನು ಇಟ್ಟುಕೊಂಡು ಮತ್ತೊಮ್ಮೆ ಲೆಕ್ಕ ಹಾಕಬೇಕು. 2025-26ರ ಬಿಲ್ಲುಗಳನ್ನು 2026ರ ನವೆಂಬರ್ 30ರವರೆಗೆ ತಿದ್ದಲು ಅವಕಾಶವಿದೆ. ಅದಕ್ಕೇ ಇವತ್ತು ಇಳಿಸಿಕೊಂಡ ರಿಟರ್ನ್‌ನ ಮೇಲೆ ಇಳಿಸಿದ ದಿನಾಂಕ ಬರೆದು ಫೈಲಿಗೆ ಹಾಕುವುದನ್ನು ಮರೆಯಬಾರದು.